ಹದಿನೆಂಟನೇ ಚಾನೆಲ್

ಅತ್ತೆ ಪಿಯಾಳ ಕ್ಯಾರವಾನಿನ ಕಕ್ಕಸಿನ ಪೆಟ್ಟಿಗೆಯನ್ನು ದಿನಾ ಬೆಳಿಗ್ಗೆ ಖಾಲಿ ಮಾಡುವುದು ಅಳಿಯನ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ಮಾವ ರೆಂಝೊ ಸೊಂಟ ಹಿಡಿದುಕೊಂಡು ಅಯ್ಯೋ ಅಂದ. ಎರಡನೇ ದಿನದಿಂದ ಅದು ಬ್ರೋಡಿಯ ಕೆಲಸವಾಗಿಹೋಯಿತು. ಕಾರಿನ ಹಿಂದೆ ಎಳೆಯುವ ಆ ಗಾಲಿಮನೆಯ ಪಕ್ಕೆಯ ಪುಟ್ಟ ಬಾಗಿಲು ತೆಗೆದು, ಕುಲುಕದಂತೆ ಪೆಟ್ಟಿಗೆ ಎಳೆದು, ಜಾರ್ಜ್‌ಟೌನ್ ಶಿಬಿರದ ಮೂಲೆಯಲ್ಲಿದ್ದ ಸುರಿಯುವ ಕುಳಿಯವರೆಗೆ ಅದನ್ನು ಗಡಗಡ ಉರುಳಿಸಿಕೊಂಡು ಹೋಗಬೇಕು. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ಅರವತ್ತು ದಾಟಿದ ಗಂಡಸರು. ತಮ್ಮ ತಮ್ಮ ಹೆಂಡಿರ ಪೆಟ್ಟಿಗೆ ಹಿಡಿದವರು. ಇಪ್ಪತ್ತೆಂಟರವನು ಇವನೊಬ್ಬನೇ.

"ಸ್ವಂತದ್ದೇನಪ್ಪಾ?" ಎಂದು ಕೆಂಪು ಟೋಪಿಯ ಮುದುಕ ಲೆಸ್ ಕೇಳಿದ.

"ಅತ್ತೇದು."

"ಓಹೋ! ಹಾಗಾದ್ರೆ ಆಸ್ತಿ ಬರೋದಿದೆ ಅನ್ನು."

ಸಾಲಿಗೆ ಸಾಲೇ ನಕ್ಕಿತು. ಬ್ರೋಡಿಯೂ ನಕ್ಕ. ಯಾಕೆಂದರೆ ಬರುವುದಿತ್ತು.

ಎಂಟು ವರ್ಷದ ಹಿಂದೆ, ಹರ್ಬರ್ಟ್ ನದಿಯ ಬಯಲಲ್ಲಿರುವ ತನ್ನ ಶೆಡ್ಡಿನಲ್ಲಿ, ಕಬ್ಬು ಕಡಿಯುವ ಯಂತ್ರದ ಪಕ್ಕೆಗೆ ಕೈ ಊರಿ ನಿಂತು ರೆಂಝೊ ಹೇಳಿದ್ದ. "ಎಂಟು ಹಂಗಾಮು ನನ್ನ ಜೊತೆ ಕಡಿ. ಆಮೇಲೆ ಈ ಗಾಡಿ ನಿಂದು, ಕಟಾವಿನ ಗುತ್ತಿಗೇನೂ ನಿಂದು." ಕೈ ಕುಲುಕಿದ್ದರು. ಆ ಸೀಮೆಯಲ್ಲಿ ಕೈ ಕುಲುಕಿದರೆ ಮುಗಿಯಿತು. ಕಾಗದ ಕೇಳುವವನು ಸಣ್ಣ ಮನುಷ್ಯ. ಬ್ರೋಡಿ ಸಣ್ಣವನಾಗಲು ಒಪ್ಪಲಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಎಂಟು ಸಲ, ಮೂಗಲ್ಲಿ ಕಬ್ಬಿನ ರವದಿಯ ಧೂಳು, ಬೆನ್ನಲ್ಲಿ ಯಂತ್ರದ ನಡುಕ, ಎಡಗೈಯ ಕಿರುಬೆರಳಿನ ತುದಿ ಅಡಿಗತ್ತಿಗೆ ಬಲಿ. ನಡುವೆ ರೆಂಝೊನ ಮಗಳು ಲಿಡಿಯಾಳನ್ನು ಮದುವೆಯಾದ, ಟೆಸ್ ಹುಟ್ಟಿದಳು, ನಿಕೊ ಹುಟ್ಟಿದ. ಕಳೆದ ನವೆಂಬರಿಗೆ ಎಂಟು ತುಂಬಿತು. ಬ್ರೋಡಿ ಬಾಯಿ ತೆರೆಯುವ ಮೊದಲೇ ರೆಂಝೊ ಅವನ ಹೆಗಲಿಗೆ ಕೈ ಹಾಕಿದ್ದ. "ಮೇ ತಿಂಗಳಲ್ಲಿ ಮಳೆ ನಿಲ್ಲಲಿ. ಎಲ್ಲಾ ಸೇರಿ ಕರುಂಬಕ್ಕೆ ಹೋಗೋಣ. ಸಮುದ್ರದ ಮುಂದೆ ಕೂತು ಮೀನು ತಿಂತಾ ಮಾತಾಡೋಣ. ಅಂಥಾ ಮಾತು ಶೆಡ್ಡಲ್ಲಿ ಆಡಬಾರದು."

ಇವತ್ತು ಸಂಜೆ ಕರುಂಬ. ಹಾಗಿದ್ದಾಗ ಒಂದು ಪೆಟ್ಟಿಗೆ ಏನು, ಹತ್ತು ಪೆಟ್ಟಿಗೆ ಸುರಿಯಬಹುದು.

ತೊಳೆದ ಪೆಟ್ಟಿಗೆ ತಂದಿಡುವಷ್ಟರಲ್ಲಿ ರೆಂಝೊ ಕಾರಿನಿಂದ ಕಾರಿಗೆ ಮಾತಾಡುವ ರೇಡಿಯೊದ ಮೈಕನ್ನು ಅಂಗೈಗೆ ಬಡಿಯುತ್ತಿದ್ದ. "ಈ ಹಾಳು ಬಟನ್ನು ಒತ್ತಿದ್ರೂ ಹಿಡೀತಿಲ್ಲ ಕಣೋ."

ಅದು ಗುಜರಿಗೆ ಹೋದ ಟ್ರ್ಯಾಕ್ಟರಿನಿಂದ ಬಿಚ್ಚಿಟ್ಟುಕೊಂಡ ಸೆಟ್ಟು. ಇಪ್ಪತ್ತು ವರ್ಷದ್ದು.

"ಹೊಸದು ತಗೊಳ್ಳಿ, ರೆಂಝೊ."

"ಸರಿಮಾಡೋಕೆ ನೀನಿರುವಾಗ ಹೊಸದ್ಯಾಕೆ?"

ಬ್ರೋಡಿ ಕಾರಿನ ಮೂತಿಯ ಮೇಲೆ ಬಟ್ಟೆ ಹಾಸಿ ಮೈಕು ಬಿಚ್ಚಿದ. ಬಟನ್ನಿನ ಅಡಿ ಸವೆದಿತ್ತು. ಮಕ್ಕಳು ತಿಂದು ಬಿಸಾಡಿದ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಉಗುರಿನಷ್ಟು ಚೂರು ಕತ್ತರಿಸಿ ಅಡಿಗೆ ತುರುಕಿದ. ಒತ್ತಿದ, ಬಿಟ್ಟ, ಒತ್ತಿದ. ಹಿಡಿಯಿತು.

"ಬಂಗಾರದ ಕೈ ಕಣೋ ನಿಂದು!" ಎಂದು ರೆಂಝೊ ಬೆನ್ನು ತಟ್ಟಿದ. ಎಂಟು ವರ್ಷದಲ್ಲಿ ಇವನ ಕೈಯನ್ನು ಅವನು ನೂರು ಸಲ ಹೊಗಳಿದ್ದ. ತಲೆಯನ್ನು ಒಂದು ಸಲವೂ ಅಲ್ಲ. ಬ್ರೋಡಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದೆ ರೆಂಝೊನ ಕಾರು, ಅದರ ಬೆನ್ನಿಗೆ ಬಿಳಿ ಕ್ಯಾರವಾನ್. ಕ್ಯಾರವಾನಿನ ಹಿಂದೆ ದಪ್ಪಕ್ಷರದಲ್ಲಿ "ರೆಂಝೊ ಮತ್ತು ಪಿಯಾ, ಚಾನೆಲ್ ೧೮" ಎಂದು ಬರೆದಿತ್ತು. ಕ್ಯಾರವಾನ್ ಎಳೆಯುವ ಮುದುಕರೆಲ್ಲ ದಾರಿಯುದ್ದ ಹರಟುವುದು ಅದೇ ಚಾನೆಲ್ಲಿನಲ್ಲಿ. ಹಿಂದೆ ಬ್ರೋಡಿಯ ಹಳೇ ಕಾರು. ಅದರ ಬಾಲಕ್ಕೆ ಮಾವನ ದೋಣಿ, ತಲೆಯ ಮೇಲೆ ಮಾವನ ಗ್ಯಾಸು, ಕೊಳವೆ, ಬಿಡಿಚಕ್ರ. ಒಳಗೆ ಲಿಡಿಯಾ, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು, ಎರಡು ಮಕ್ಕಳಿಗೆ ಇಪ್ಪತ್ತು ಜಗಳ.

"ಅಪ್ಪಾ, ನಿಕೊ ನನ್ನ ಕಡೆ ಉಸಿರು ಬಿಡ್ತಿದಾನೆ!"

"ಉಸಿರು ಬಿಡ್ಲಿ ಬಿಡೇ, ಇಲ್ದಿದ್ರೆ ಸಾಯ್ತಾನೆ."

"ಬೇಕೂಂತ ಬಿಡ್ತಿದಾನೆ!"

ಲಿಡಿಯಾ ರೇಡಿಯೊ ಮೈಕನ್ನು ಹಿಂದಕ್ಕೆ ಚಾಚಿದಳು. ನಾಲ್ಕು ವರ್ಷದ ನಿಕೊಗೆ ಅದಕ್ಕಿಂತ ದೊಡ್ಡ ಆಟಿಕೆ ಇರಲಿಲ್ಲ. ಅಜ್ಜನನ್ನು ಕೂಗಿದ. "ನೊನ್ನೊ! ನೊನ್ನೊ! ನಾನು ಏಳು ಹುತ್ತ ನೋಡಿದೆ! ದೊಡ್ಡ ಹುತ್ತ! ನಂಗಿಂತ ದೊಡ್ಡದು! ನೊನ್ನೊ?"

"ಬಟನ್ ಬಿಡೋ ಪೆದ್ದ," ಎಂದು ಆರು ವರ್ಷದ ಟೆಸ್ ತಮ್ಮನ ಬೆರಳು ಕಿತ್ತಳು. "ನೀನು ಒತ್ಕೊಂಡಿದ್ರೆ ನೊನ್ನೊ ಹೆಂಗೆ ಮಾತಾಡ್ತಾರೆ? ಒಬ್ರು ಒತ್ತಿದ್ರೆ ಬೇರೆಯವ್ರು ಯಾರೂ ಮಾತಾಡಕ್ಕಾಗಲ್ಲ."

ಬ್ರೋಡಿಯ ಸೆಟ್ಟು ಹೊಸ ಕಾಲದ್ದು. ಮೂರು ನಿಮಿಷ ಬಟನ್ ಬಿಡದಿದ್ದರೆ ಟೊಂಯ್ ಎಂದು ತಾನೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಿಕೊ ಆ ಟೊಂಯ್ ಕೇಳಲೆಂದೇ ಒತ್ತಿ ಹಿಡಿಯುತ್ತಿದ್ದ. ಮಾವನ ಟ್ರ್ಯಾಕ್ಟರ್ ಸೆಟ್ಟಿಗೆ ಅಂಥ ಬುದ್ಧಿ ಇರಲಿಲ್ಲ.

ಊರು ಬಿಟ್ಟು ಅರ್ಧ ಗಂಟೆಯಾಗಿತ್ತು. ರೇಡಿಯೊ ಒಮ್ಮೆ ಕರ್ರ್ ಎಂದು ಕೆಮ್ಮಿ, ಪಿಯಾಳ ದನಿ ಬಂತು.

"...ಮಂಡಿಗೆ ಮುಲಾಮು ಹಚ್ಚಿದ್ರೆ ಸೀಟಿಗೆಲ್ಲ ಮೆತ್ಕೊಳ್ಳತ್ತೆ ಅಂತೀಯ. ಸೀಟು ಮುಖ್ಯ ನಿಂಗೆ, ಮಂಡಿ ಅಲ್ಲ."

ಮಾತು ನಿಲ್ಲಲಿಲ್ಲ. ರೆಂಝೊ ಏನೋ ಹಳೇ ಹಾಡನ್ನು ಮೂಗಿನಲ್ಲಿ ಹಾಡಿದ. ಆಮೇಲೆ ಒಂದು ದೊಡ್ಡ ಸದ್ದು ಬಂತು. "ಥೂ! ಕಿಟಕಿ ತೆಗಿ ಮಾರಾಯ! ಇಷ್ಟು ಈರುಳ್ಳಿ ತಿನ್ಬೇಡ ಅಂದಿದ್ದೆ ತಾನೇ!" ಎಂದಳು ಪಿಯಾ.

ಹಿಂದಿನ ಸೀಟಿನಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕವು. ನಿಕೊ ನಗುತ್ತ ನಗುತ್ತ ಕೆಮ್ಮಿದ. ಲಿಡಿಯಾ ನಕ್ಕಳು. ಬ್ರೋಡಿಗೆ ಕಣ್ಣಲ್ಲಿ ನೀರು ಬಂತು. "ಮೈಕಿನ ಮೇಲೆ ಕೂತಿದಾರೆ ನಿಮ್ಮಮ್ಮ," ಎಂದ. ಕರೆದು ಹೇಳೋಣವೆಂದರೆ ಹೇಳುವ ದಾರಿಯೇ ಇಲ್ಲ. ಆ ಬಟನ್ ಏಳುವವರೆಗೆ ಅವರಿಗೆ ಯಾರ ಮಾತೂ ಕೇಳಿಸುವುದಿಲ್ಲ. ದೀಪ ಮಿಣುಕಿಸಿದ. ಹಾರ್ನ್ ಬಾರಿಸಿದ. ಮುಂದೆ ಬಿಳಿ ಕ್ಯಾರವಾನ್ ಕುಂಡೆ ಅಲ್ಲಾಡಿಸುತ್ತ ಹೋಗುತ್ತಲೇ ಇತ್ತು.

ಆಗ ಪಿಯಾ ಕೇಳಿದಳು. "ಹುಡುಗನಿಗೆ ಯಾವಾಗ ಹೇಳ್ತೀಯ?"

"ಯಾವ ಹುಡುಗ?"

"ಯಾವ ಹುಡುಗ ಅಂತೆ! ಲಿಡಿಯಾ ಗಂಡ. ಕರುಂಬದಲ್ಲಿ ಮಾತಾಡ್ತೀನಿ ಅಂದಿದ್ಯಲ್ಲ."

ಲಿಡಿಯಾಳ ಕೈ ಚಂಗನೆ ರೇಡಿಯೊದ ಕಿವಿ ತಿರುಪಲು ಹೋಯಿತು. ಅಷ್ಟು ಬೇಗ ಹೋಯಿತಲ್ಲ, ಅದನ್ನೇ ಬ್ರೋಡಿ ಗಮನಿಸಿದ್ದು. ಅವಳ ಮಣಿಕಟ್ಟು ಹಿಡಿದ.

"ಇರ್ಲಿ ಬಿಡು."

"ಮಕ್ಕಳಿದಾವೆ, ಬ್ರೋಡಿ."

"ಇರ್ಲಿ."

ರೆಂಝೊನ ದನಿ ಕಾರಿನ ತುಂಬ ತುಂಬಿತು, ತಾನೇ ಒಳಗೆ ಬಂದು ಕೂತವನ ಹಾಗೆ. "ಹೇಳೋಕೆ ಹುಚ್ಚಾ ನಂಗೆ? ಈಗ ಹೇಳಿದ್ರೆ ಜೂನಲ್ಲಿ ಗಾಡಿ ಓಡಿಸೋರ್ಯಾರು, ನಿನ್ನ ತಮ್ಮಾನಾ? ಏನಾದ್ರೂ ನೆಪ ಹೇಳಿ ಈ ಹಂಗಾಮು ತಳ್ತೀನಿ. ನವೆಂಬರಲ್ಲಿ ನೋಡ್ಕೊಳ್ಳೋಣ."

"ನೀನು ಮಾತು ಕೊಟ್ಟಿದ್ದೆ ಅವನಿಗೆ."

"ಆಗ ಡಾರಿಯೊ ಚಿಕ್ಕೋನು. ಈಗ ಕಲ್ತು ಬಂದಿದಾನೆ. ನನ್ನ ಅಣ್ಣನ ಮಗ, ನಮ್ಮ ಹೆಸರಿನೋನು. ಫೆಬ್ರವರೀಲೇ ಅವನ ಹೆಸರಿಗೆ ಸಹಿ ಆಯ್ತು, ಇನ್ನೆಲ್ಲಿಯ ಮಾತು?"

"ಎಂಟು ವರ್ಷ ಮೂಗಿಗೆ ತುಪ್ಪ ಸವರಿದೆ."

"ವಾಸನೆಗೇ ಎಂಟು ವರ್ಷ ದುಡಿದ್ನಲ್ಲ, ನೋಡು!" ರೆಂಝೊ ನಕ್ಕ. "ಕೇಳಿಲ್ಲಿ ಪಿಯಾ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋನು. ಸಕ್ಕರೆ ಕಾರ್ಖಾನೆಯ ಕರಾರು ಕೈಗೆ ಕೊಟ್ರೆ ಅದ್ರಲ್ಲಿ ಚಿತ್ರ ಹುಡುಕ್ತಾನೆ. ಅವನು ಸ್ಪ್ಯಾನರ್ ಕಣೆ. ಒಳ್ಳೇ ಸ್ಪ್ಯಾನರ್, ಇಲ್ಲ ಅನ್ನಲ್ಲ. ಆದ್ರೆ ಸ್ಪ್ಯಾನರ್ ಹೆಸರಿಗೆ ಯಾರಾದ್ರೂ ಶೆಡ್ ಬರೀತಾರಾ?"

ಪಿಯಾ ನಕ್ಕಳು. ದೊಡ್ಡ ನಗುವಲ್ಲ, ಮೂಗಿನಲ್ಲೇ ಫುಸ್ ಎಂದು ಹೋದದ್ದು. ಬೆಳಿಗ್ಗೆ ಅವಳ ಪೆಟ್ಟಿಗೆ ತೊಳೆದ ಬ್ರೋಡಿಯ ಕೈ ಇನ್ನೂ ಕಕ್ಕಸಿಗೆ ಹಾಕುವ ನೀಲಿ ಔಷಧಿ ನಾರುತ್ತಿತ್ತು.

"ಲಿಡಿಯಾ ಅವನ ಹತ್ರ ಬಾಯಿ ಬಿಟ್ರೆ?"

"ಕ್ರಿಸ್‌ಮಸ್ಸಿಂದ ಬಿಟ್ಟಿಲ್ಲ, ಈಗ ಬಿಡ್ತಾಳಾ? ನನ್ನ ಮಗಳು ಜಾಣೆ."

ಬ್ರೋಡಿ ಹೆಂಡತಿಯ ಮಣಿಕಟ್ಟು ಬಿಟ್ಟ.

ಎದುರಿನಿಂದ ಮೂರು ಬಂಡಿ ಎಳೆಯುವ ದನದ ಲಾರಿ ಬರುತ್ತಿತ್ತು. ಲಾರಿಯವರ ಚಾನೆಲ್ ಬೇರೆ. ಬೇಜಾರಾದಾಗ ಇಲ್ಲಿಗೆ ಬಂದು ಮುದುಕರ ಹರಟೆ ಕೇಳುತ್ತಾರೆ. ಹತ್ತಿರ ಬಂದ ಕ್ಷಣ ಅದರ ಬಲವಾದ ಸೆಟ್ಟು ಮಾವನ ದನಿಯನ್ನು ತುಳಿದುಕೊಂಡು ಒಳಗೆ ನುಗ್ಗಿತು. "ಎದ್ದೇಳಮ್ಮಾ ತಾಯೀ, ಮೈಕಿನ ಮೇಲಿಂದ ಎದ್ದೇಳು! ಹತ್ತು ನಿಮಿಷದಿಂದ ನಿಮ್ಮ ಸಂಸಾರ ಕೇಳಿ ಕೇಳಿ ಸಾಕಾಯ್ತು! ಪಾಪ, ಆ ಸ್ಪ್ಯಾನರ್ ಕೇಳಿಸ್ಕೊಂಡಿದ್ರೆ ಏನಪ್ಪಾ ಗತಿ!" ಲಾರಿ ದಾಟಿತು. ಧೂಳು ಮುಚ್ಚಿತು. ಧೂಳಿನೊಳಗಿಂದ ಮತ್ತೆ ಪಿಯಾಳ ದನಿ, ಈಗ ಮೀನಿಗೆ ನಿಂಬೆಹಣ್ಣು ತಂದಿದ್ದೇವೋ ಇಲ್ಲವೋ ಎಂದು.

"ಅಪ್ಪಾ," ಎಂದಳು ಟೆಸ್, "ನೀನು ಸ್ಪ್ಯಾನರಾ?"

"ಹೂಂ."

"ನಾನು?" ಎಂದ ನಿಕೊ.

"ನೀನು ಸುತ್ತಿಗೆ."

"ನಾನು ಸುತ್ತಿಗೆ! ಟಣ್ ಟಣ್ ಟಣ್!" ಎಂದು ಅವನು ಅಕ್ಕನ ತಲೆಗೆ ಬಡಿಯತೊಡಗಿದ.

ಬ್ರೋಡಿ ರಸ್ತೆಯಿಂದ ಕಣ್ಣು ಕೀಳದೆ ಕೇಳಿದ. "ಕ್ರಿಸ್‌ಮಸ್ಸಿಂದ?"

ಲಿಡಿಯಾ ಕಿಟಕಿಯ ಕಡೆ ತಿರುಗಿದ್ದಳು. "ಏನು ಹೇಳ್ಬೇಕಿತ್ತು? ನೀನು ಅವತ್ತೇ ಹೋಗಿ ಶೆಡ್ಡಿನ ಗಾಜೆಲ್ಲ ಒಡೀತಿದ್ದೆ. ಆಮೇಲೆ? ನಾವಿರೋ ಮನೆ ಯಾರದ್ದು? ಈ ಎರಡನ್ನ ಕಟ್ಕೊಂಡು ಎಲ್ಲಿಗೆ ಹೋಗೋದು?"

"ಐದು ತಿಂಗಳು ನನ್ನ ಪಕ್ಕದಲ್ಲೇ ಮಲಗಿದ್ದೆ."

"ಅಪ್ಪನ ಮನಸ್ಸು ತಿರುಗಿಸ್ಬಹುದು ಅಂದ್ಕೊಂಡಿದ್ದೆ. ಈ ಪ್ರವಾಸದಲ್ಲಿ ಮಕ್ಕಳ ಜೊತೆ ಇದ್ರೆ..."

"ಸಹಿ ಆದ್ಮೇಲೆ?"

ಕೈ ಕೆಸರು ಒಬ್ಬನದು, ಬಾಯಿ ಮೊಸರು ಇನ್ನೊಬ್ಬನದು. ಇದು ಲಿಡಿಯಾಗೆ ಗೊತ್ತಿತ್ತು, ಅವಳ ಅಮ್ಮನಿಗೆ ಗೊತ್ತಿತ್ತು, ಈಗ ಗಿಲ್ಬರ್ಟ್ ನದಿಯವರೆಗಿನ ಪ್ರತಿ ಕ್ಯಾರವಾನಿಗೂ ಗೊತ್ತು. ಎಲ್ಲರಿಗಿಂತ ಕೊನೆಗೆ ತಿಳಿದವನು ಕೆಸರಿನವನು.

ಗಿಲ್ಬರ್ಟ್ ನದಿಯ ದಂಡೆಯಲ್ಲಿ ಊಟಕ್ಕೆ ನಿಂತರು. ಪಿಯಾ ಮಂಡಿ ಹಿಡಿದುಕೊಂಡು ಇಳಿದಳು, ರೇಡಿಯೊ ಟಕ್ ಎಂದು ಸತ್ತಿತು.

"ಎಲ್ಲಾ ಯಾಕೆ ಇಷ್ಟು ಸಪ್ಪಗಿದೀರಿ?" ರೆಂಝೊ ಮಡಚುವ ಮೇಜು ಬಿಚ್ಚುತ್ತ ಕೂಗಿದ. "ದಾರಿಯಲ್ಲಿ ಒಬ್ರಾದ್ರೂ ಮಾತಾಡಿದ್ರಾ? ಬ್ರೋಡಿ, ಒಲೆ ಹಚ್ಚಪ್ಪ, ಕಾಫಿ ಇಡು."

ಬ್ರೋಡಿ ಒಲೆ ಹಚ್ಚಿದ. ಯಾಕೆ ಹಚ್ಚಿದನೋ ಅವನಿಗೇ ತಿಳಿಯದು. ಎಂಟು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ಮಾತಾಡಲು ಬಾಯಿಗೆ ಅಂಥ ಅಭ್ಯಾಸ ಇರಲಿಲ್ಲ. ಪಿಯಾ ಸಲಾಮಿಯನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ಮೊದಲ ತುಂಡನ್ನು ಅಳಿಯನಿಗೇ ಚಾಚಿದಳು. "ತಿನ್ನಪ್ಪಾ, ಬೆಳಿಗ್ಗೆಯಿಂದ ದುಡಿದಿದೀಯ." ಅವನು ತೆಗೆದುಕೊಂಡ. ಬಾಯಲ್ಲಿ ಅದು ಚಪ್ಪಲಿಯ ಹಾಗೆ ಹೊರಳಿತು.

ಹತ್ತು ನಿಮಿಷದಲ್ಲಿ ಇನ್ನೊಂದು ಕ್ಯಾರವಾನ್ ಬಂದು ನಿಂತಿತು. ಕೆಂಪು ಟೋಪಿಯ ಲೆಸ್ ಇಳಿದ. ರೆಂಝೊನ ಕ್ಯಾರವಾನಿನ ಬೆನ್ನ ಮೇಲಿನ ಹೆಸರು ಓದಿದ, ಬ್ರೋಡಿಯನ್ನು ನೋಡಿದ, ಬೆಳಗಿನ ಸಾಲು ನೆನಪಾಯಿತು. ಅವನ ಮುಖದಲ್ಲಿದ್ದ ನಗು ನಿಂತಲ್ಲೇ ಬಾಡಿತು. ನೇರ ಬಂದು ಬ್ರೋಡಿಯ ಹೆಗಲ ಮೇಲೆ ಕೈಯಿಟ್ಟ. ಹೊಡೆದಿದ್ದರೆ ಚೆನ್ನಾಗಿತ್ತು.

ಆಮೇಲೆ ರೆಂಝೊನ ಕಡೆ ತಿರುಗಿದ. "ಗುರುವೇ, ನಿನ್ನ ಮೈಕು ನೋಡ್ಕೋ. ಬೆಳಗಿಂದ ನೀವಿಬ್ರೂ ಆಡಿದ ಪ್ರತಿ ಮಾತೂ ದಾರಿಗೆಲ್ಲ ಕೇಳ್ಸಿದೆ. ಈರುಳ್ಳಿಯಿಂದ ಹಿಡಿದು ಸ್ಪ್ಯಾನರ್‌ವರೆಗೆ."

ಪಿಯಾ ಚಾಕು ಕೆಳಗಿಟ್ಟಳು. ರೆಂಝೊನ ಕುತ್ತಿಗೆ ಕೆಂಪಾಯಿತು, ಆಮೇಲೆ ಕಿವಿ. ಈಗ ಕ್ಷಮೆ ಕೇಳುತ್ತಾನೆ ಎಂದು ಬ್ರೋಡಿ ಅಂದುಕೊಂಡ. ಬೇಡ ಅನ್ನಬೇಕೋ, ಸುಮ್ಮನೆ ಇರಬೇಕೋ ಎಂದು ಕೂಡ ಯೋಚಿಸಿದ. ಪೆದ್ದ!

ರೆಂಝೊ ಕಾರಿಗೆ ಹೋಗಿ ಮೈಕು ಎಳೆದು ತಂದ. ಚಾಕುವಿನಿಂದಲೇ ಅದನ್ನು ಸೀಳಿ ಒಳಗಿನ ಬಿಳಿ ಚೂರನ್ನು ಎತ್ತಿ ಹಿಡಿದ.

"ಬೆಳಿಗ್ಗೆ ಏನು ಮಾಡಿದ್ಯೋ ಇದಕ್ಕೆ?"

"ನೀವೇ ಹೇಳಿದ್ರಿ ಸರಿ ಮಾಡು ಅಂತ."

"ಸರಿ ಮಾಡು ಅಂದೆ. ಕಚ್ಕೊಳ್ಳೋ ಹಾಗೆ ಮಾಡು ಅಂದ್ನಾ?" ದನಿ ಏರಿತು. "ಕದ್ದು ಕೇಳೋಕೆ ಮಾಡಿದ್ದು ನೀನು! ಇವತ್ತು ಕರುಂಬ ಅಂತ ಗೊತ್ತಿತ್ತು, ಬೇಕೂಂತಲೇ ತುರುಕಿದೀಯ!"

"ಅತ್ತೆ ಅದರ ಮೇಲೆ ಕೂತಿದ್ರು, ರೆಂಝೊ. ಕೈ ತಪ್ಪಿ ಒಂದು ಕೂದಲೆಳೆ ದಪ್ಪ ಆಗಿರ್ಬಹುದು."

"ನಿನ್ನ ಕೈ ತಪ್ಪತ್ತಾ? ಕೂತಲ್ಲೇ ಬೇರಿಂಗ್ ನಡುಕ ಹಿಡಿಯೋ ಕೈ, ಎಂಟು ವರ್ಷದಲ್ಲಿ ಒಂದು ಸಲ ತಪ್ಪದ ಕೈ, ಇವತ್ತೇ ತಪ್ತಾ?"

ಹೊಗಳಿಕೆಯೇ ಸಾಕ್ಷಿಯಾಗಿ ಬಂದು ನಿಂತಿತ್ತು. ಪಿಯಾ ಎದೆಯ ಮೇಲೆ ಕೈಯಿಟ್ಟುಕೊಂಡು, "ಮನೆಯೋನು ಅಂತ ಅಂದ್ಕೊಂಡಿದ್ವಲ್ಲಪ್ಪಾ ನಿನ್ನ," ಎಂದಳು. ಕಣ್ಣಲ್ಲಿ ನಿಜವಾದ ನೀರು! ಮೋಸ ಮಾಡಿದವರು ಮೋಸಹೋದವರ ಹಾಗೆ ನಿಂತಿದ್ದರು.

ಬ್ರೋಡಿ ಹೆಂಡತಿಯನ್ನು ನೋಡಿದ. ಅವಳೂ ಇವನನ್ನು ನೋಡುತ್ತಿದ್ದಳು. ಅವಳ ಹುಬ್ಬು ಸ್ವಲ್ಪವೇ ಎದ್ದಿತ್ತು. ಹೌದಾ, ನೀನೇ ಮಾಡಿದ್ದಾ ಎಂದು ಕೇಳುವ ಹುಬ್ಬು. ಕಬ್ಬಿನ ಯಂತ್ರ ಕೈಬಿಟ್ಟು ಹೋದದ್ದು ಬೆಳಿಗ್ಗೆ. ಇನ್ನೊಂದು ಏನೋ ಹೋದದ್ದು ಆಗ.

ಅಷ್ಟಾದರೂ ಹೊರಟದ್ದು ಮುಂದಕ್ಕೇ. ಕಾರಿನಲ್ಲಿ ಎಣ್ಣೆ ತಳ ಹಿಡಿದಿತ್ತು. ಅದು ಸಿಗುವುದು ಕ್ರಾಯ್ಡನ್‌ನಲ್ಲಿ. ರೆಂಝೊ ಬಿಳಿ ಚೂರನ್ನು ನದಿಗೆ ಬಿಸಾಡಿ, ಮೈಕಿಗೆ ಟೇಪು ಸುತ್ತಿ, ಮುಂದೆ ಹೊರಟ. ಲೆಸ್ ದಂಪತಿ ಅಲ್ಲೇ ಉಳಿದರು, ನೋಡಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತ.

ಕ್ರಾಯ್ಡನ್ ದಾರಿಯಲ್ಲಿ ಡಾಂಬರು ಒಂದೇ ಗಾಡಿಯ ಅಗಲಕ್ಕೆ ಕಿರಿದಾಗುತ್ತದೆ. ರೆಂಝೊನ ಅಭ್ಯಾಸ ನಟ್ಟನಡುವೆ ಹೋಗುವುದು. ಕ್ಯಾರವಾನ್ ಅಡ್ಡವಾಗಿ ಅವನಿಗೆ ಹಿಂದಿನದು ಕಾಣುವುದಿಲ್ಲ. ಹಿಂದೆ ನೋಡಿ ಹೇಳುವುದು ಬ್ರೋಡಿಯ ಕೆಲಸ, ಹೊರಟ ದಿನದಿಂದ. ನಿಕೊ ಬಾಯಿ ತೆರೆದು ನಿದ್ದೆ ಹೋಗಿದ್ದ. ಟೆಸ್ ಕಿಟಕಿಗೆ ಹಣೆಯಿಟ್ಟು, "ಕರುಂಬದಲ್ಲಿ ಮೊಸಳೆ ನೋಡೋ ದೋಣಿ ಇದೆಯಂತೆ, ನೊನ್ನಾ ಹೇಳಿದ್ರು," ಎಂದು ಅಜ್ಜಿಯನ್ನು ನೆನೆದಳು.

ಕನ್ನಡಿಯಲ್ಲಿ ದೀಪ ಮಿಣುಕಿತು. ಇನ್ನೊಂದು ದನದ ಲಾರಿ, ಇದೂ ಮೂರು ಬಂಡಿಯದು, ದಾರಿ ಕೇಳುತ್ತ ಬೆನ್ನಿಗೆ ಬಂದಿತ್ತು. ಬ್ರೋಡಿ ಎಡಕ್ಕೆ ಇಳಿದು ಬಿಟ್ಟುಕೊಟ್ಟ. ಲಾರಿ ಕಾರನ್ನೇ ಅಲ್ಲಾಡಿಸುತ್ತ, ಕಲ್ಲು ಎರಚುತ್ತ, ಸೆಗಣಿ ನಾತ ಬಿಡುತ್ತ ದಾಟಿತು. ಮುಂದೆ ಅರ್ಧ ಮೈಲಿಗೆ ಬಿಳಿ ಕ್ಯಾರವಾನ್, ನಟ್ಟನಡುವೆ. ಅಂಥ ಲಾರಿ ಬೇಕೆಂದಾಗ ನಿಲ್ಲುವುದಿಲ್ಲ.

ರೇಡಿಯೊ ಕರಕರ ಎಂದಿತು. ಟೇಪು ಸುತ್ತಿದ ಮೈಕಿನಿಂದ ಮಾತು ತುಂಡುತುಂಡಾಗಿ ಬಂತು. "...ಬ್ರೋಡಿ... ಹಿಂದೆ ಏನಾದ್ರೂ..."

ಮೈಕು ಬ್ರೋಡಿಯ ಕೈಯಲ್ಲಿತ್ತು. ಬೆರಳು ಬಟನ್ನಿನ ಮೇಲಿತ್ತು. ಒತ್ತಲಿಲ್ಲ.

ಲಾರಿ ಬಲಕ್ಕೆ ಹೊರಳಿ ಮುನ್ನುಗ್ಗಿತು. ಧೂಳು ಎದ್ದಿತು. ಒಂದು ಉಸಿರು. ಮೂಗಲ್ಲಿ ಎಂಟು ವರ್ಷದ ರವದಿ. ಇನ್ನೊಂದು ಉಸಿರು. ಲಿಡಿಯಾ ಅವನ ಕಡೆ ತಿರುಗಿದಳು.

"ಲಾರಿ ಇದೆ," ಎಂದ ಬ್ರೋಡಿ, ಬಟನ್ ಒತ್ತಿ. "ಮೂರು ಬಂಡಿ. ಎಡಕ್ಕೆ ಇಳೀರಿ. ಈಗ."

ಬಿಳಿ ಡಬ್ಬಿ ತೊನೆದಾಡುತ್ತ ಎಡಕ್ಕೆ ಇಳಿಯಿತು. ಲಾರಿ ಒಂದು ಗೇಣು ಬಿಟ್ಟು ದಾಟಿಹೋಯಿತು. ಧೂಳು ಕೂತ ಮೇಲೆ ರೇಡಿಯೊದಿಂದ ಟಕ್ ಟಕ್ ಎಂದು ಎರಡು ಸದ್ದು ಬಂತು, ಆ ದಾರಿಯಲ್ಲಿ ಥ್ಯಾಂಕ್ಸ್ ಅನ್ನುವ ರೀತಿ. ಹಿಂದೆಯೇ ರೆಂಝೊನ ಹರಕು ದನಿ. "...ಶಾಣ್ಯಾ ಹುಡುಗ..."

ಸ್ಪ್ಯಾನರ್ ಮತ್ತೊಂದು ಸಲ ಸರಿಯಾಗಿ ಕೂತಿತ್ತು. ಬ್ರೋಡಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಎರಡು ಉಸಿರಿಗೋ, ಅವನ್ನು ಮುರಿದದ್ದಕ್ಕೋ, ಹೇಳಲು ಬಾರದು.

ಕ್ರಾಯ್ಡನ್ ಬಂಕಿನಲ್ಲಿ ಎಣ್ಣೆ ತುಂಬಿಸಿ, ಅವನು ಕಾರಿನ ಬಾಲದಿಂದ ದೋಣಿಯ ಗಾಡಿಯನ್ನು ಬಿಚ್ಚಿದ. ತಲೆಯ ಮೇಲಿದ್ದ ಗ್ಯಾಸು, ಕೊಳವೆ, ಬಿಡಿಚಕ್ರ ಒಂದೊಂದಾಗಿ ಇಳಿಸಿ ಕ್ಯಾರವಾನಿನ ಪಕ್ಕ ಜೋಡಿಸಿದ. ಕೊನೆಗೆ ನೀಲಿ ಔಷಧಿಯ ಬಾಟಲಿಯನ್ನು ದೋಣಿಯ ಮೂತಿಯ ಮೇಲಿಟ್ಟ.

ರೆಂಝೊ ಐಸ್ ಚೀಲ ಹಿಡಿದುಕೊಂಡು ಬಂದವನು ನಿಂತ. "ಇದೇನೋ ಆಟ?"

"ವಾಪಸ್ ಹೋಗ್ತೀನಿ."

"ಹೋಗು, ತಲೆ ತಣ್ಣಗಾಗ್ಲಿ. ಜೂನ್ ಹತ್ತಕ್ಕೆ ಕಟಾವಿನ ಗಾಡಿ ಹೊರಡ್ಬೇಕು, ನೆನಪಿರ್ಲಿ."

"ಡಾರಿಯೊಗೆ ಹೇಳಿ. ಕಲ್ತಿದಾನಲ್ಲ."

"ಲೋ, ನೀನು ಮಲಗೋ ಮನೆ ನಂದು ಕಣೋ."

"ಗೊತ್ತು. ಹೋಗಿ ಖಾಲಿ ಮಾಡ್ಬೇಕಲ್ಲ, ಅದಕ್ಕೇ ಬೇಗ ಹೊರಡ್ತಿರೋದು."

ಜೂನ್ ಹತ್ತು ರೆಂಝೊನ ಕಣ್ಣಲ್ಲಿ ಹಾದುಹೋದದ್ದನ್ನು ಬ್ರೋಡಿ ಕಂಡ. ಅಷ್ಟೇ ಸಿಕ್ಕ ಲಾಭ.

ಲಿಡಿಯಾ ಎರಡು ಕಾರಿನ ನಡುವೆ ಬಿಸಿಲಲ್ಲಿ ನಿಂತಿದ್ದಳು. ಪಿಯಾ ಅವಳ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದಳು. "ನಂಗೆ ಮೊಸಳೆ!" ಎಂದು ಟೆಸ್ ಅಳುತ್ತಿದ್ದಳು. ನಿಕೊ ಯಾಕೆಂದು ಗೊತ್ತಿಲ್ಲದೆ ಅಕ್ಕನಿಗಿಂತ ಜೋರಾಗಿ ಅಳುತ್ತಿದ್ದ. ಬ್ರೋಡಿ ಕರೆಯಲಿಲ್ಲ. ಎಂಜಿನ್ ಹಚ್ಚಿ ಕಾದ. ಕಡೆಗೆ ಬಾಗಿಲು ತೆಗೆದುಕೊಂಡಿತು, ಅವಳು ಕೂತಳು, ದಡ್ ಎಂದು ಮುಚ್ಚಿದಳು.

"ನಿನಗೋಸ್ಕರ ಅಂದ್ಕೋಬೇಡ," ಎಂದಳು. "ಮಕ್ಕಳ ಸೀಟು ಈ ಕಾರಿಗೆ ಬೋಲ್ಟ್ ಹಾಕಿದೆ, ಅದಕ್ಕೆ."

"ನಾನೇ ಹಾಕಿದ್ದು," ಎಂದ ಬ್ರೋಡಿ.

ಬಂದ ದಾರಿಯಲ್ಲೇ ಪೂರ್ವಕ್ಕೆ. ಹಗುರಾದ ಕಾರು ಹಳ್ಳದಿಂದ ಹಳ್ಳಕ್ಕೆ ನೆಗೆಯುತ್ತಿತ್ತು. ಮಕ್ಕಳು ಅತ್ತು ಸುಸ್ತಾದವು. ಮುಕ್ಕಾಲು ಗಂಟೆ ಹೀಗೇ ಸಾಗಿತು. ಆಮೇಲೆ ರೇಡಿಯೊದಲ್ಲಿ ಎದುರಿನಿಂದ ಲೆಸ್ಸನ ದನಿ ಹಿಡಿಯಿತು, ಯಾರಿಗೋ ಕತೆ ಹೇಳುತ್ತಿತ್ತು.

"...ಕೇಳಿಸ್ಕೊಂಡಿಲ್ವಾ? ಅಯ್ಯೋ, ಬೆಳಗಿನಿಂದ ಎಲ್ಲರ ಬಾಯಲ್ಲೂ ಅದೇ! ಕೊನೆಗೆ ನೋಡಿದ್ರೆ ಅಳಿಯನೇ ಮೈಕಿಗೆ ಚೂರು ತುರುಕಿದ್ನಂತೆ, ಮಾವನ ಗುಟ್ಟು ಕೇಳೋಕೆ! ಮುಖ ನೋಡಿದ್ರೆ ಪಾಪ ಅನ್ಸತ್ತೆ, ಹೆಗಲು ಬೇರೆ ತಟ್ಟಿ ಬಂದೆ ನಾನು. ಸ್ಪ್ಯಾನರ್ ಅಂದ್ರೆ ಸುಮ್ನೇನಾ, ಎಲ್ಲಿ ಬೇಕಾದ್ರೂ ತೂರತ್ತೆ!"

ಇನ್ನೊಂದು ದನಿ ಹೋಹೋ ಎಂದು ನಕ್ಕಿತು. ಹೆಂಗಸಿನ ದನಿಯೊಂದು ಸೇರಿಕೊಂಡಿತು. "ಹೆಂಡ್ತಿ ಗತಿ ನೋಡಿ ಪಾಪ!"

ಲಿಡಿಯಾ ಈ ಸಲ ಕೈ ಚಾಚಲಿಲ್ಲ.

ಬ್ರೋಡಿ ಮೈಕು ತೆಗೆದ. ಬಟನ್ ಒತ್ತಿದ. ನಗು ಕತ್ತರಿಸಿದ ಹಾಗೆ ನಿಂತಿತು. ಹೇಳಬೇಕಾದ್ದು ಗಂಟಲವರೆಗೆ ಬಂದಿತ್ತು: ನಾನಲ್ಲ. ಒಂದೇ ಪದ. ಯಾರು ನಂಬುತ್ತಾರೆ, ಪಕ್ಕದಲ್ಲಿ ಕೂತವಳೇ ನಂಬದ್ದನ್ನು? ಅವನು ಬಾಯಿ ತೆರೆಯಲಿಲ್ಲ. ಬಟನ್ನನ್ನೂ ಬಿಡಲಿಲ್ಲ. ಹೆಬ್ಬೆರಳಿನ ಉಗುರು ಬೆಳ್ಳಗಾಯಿತು. ಎದುರಿನಿಂದ ಲೆಸ್ಸನ ಕ್ಯಾರವಾನ್ ಬಂತು, ಕಿಟಕಿಯಲ್ಲಿ ಕೆಂಪು ಟೋಪಿ, ಕೈಯಲ್ಲಿ ಮೈಕು, ಮಾತಾಡಲಾಗದೆ ಅದನ್ನು ತೊಡೆಗೆ ಬಡಿಯುತ್ತಿದ್ದ.

"ಅಪ್ಪಾ," ಎಂದಳು ಟೆಸ್ ಹಿಂದಿನಿಂದ, ಅತ್ತು ಕಟ್ಟಿದ ದನಿಯಲ್ಲಿ. "ಬಟನ್ ಬಿಡು. ನೀನು ಒತ್ಕೊಂಡಿದ್ರೆ ಯಾರೂ ಮಾತಾಡಕ್ಕಾಗಲ್ಲ."

"ಗೊತ್ತು ಪುಟ್ಟಿ."

ಮೂರು ನಿಮಿಷಕ್ಕೆ ಸೆಟ್ಟು ಟೊಂಯ್ ಎಂದಿತು. ನಿದ್ದೆಗಣ್ಣಿನ ನಿಕೊ ಕಿಲಕಿಲ ನಕ್ಕ. ಬ್ರೋಡಿ ಬೆರಳು ಎತ್ತಿದ, ಮತ್ತೆ ಒತ್ತಿದ.